ಸಿಂಗಲ್ ಬೋರ್ಡ್ ಕಂಪ್ಯೂಟರಿನಲ್ಲಿ ಲಿನಕ್ಸ್: ಡ್ರೈವರ್ ಹಾಕುವ ಮೊದಲು ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಲ್ಯಾಪ್‌ಟಾಪಿಗೋ ಮೇಜಿನ ಕಂಪ್ಯೂಟರಿಗೋ ಲಿನಕ್ಸ್ ಹಾಕುವವರನ್ನು ಡ್ರೈವರ್‌ಗಳ, ಅಂದರೆ ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶಗಳ, ತಲೆನೋವು ಈಗ ಹಿಂದಿನಷ್ಟು ಕಾಡುವುದಿಲ್ಲ. ಅಲ್ಲಿನ ಪಿಸಿಐ ಮತ್ತು ಯುಎಸ್‌ಬಿ ಸಾಧನಗಳು ತಯಾರಕರ ಸಂಖ್ಯೆಯನ್ನೂ ಮಾದರಿಯ ಸಂಖ್ಯೆಯನ್ನೂ ತಾವೇ ಹೇಳಿಕೊಳ್ಳುತ್ತವೆ, ಲಿನಕ್ಸ್‌ನ ತಿರುಳಾದ ಕರ್ನಲ್ ಆ ಸಂಖ್ಯೆಗಳಿಗೆ ಹೊಂದುವ ಡ್ರೈವರನ್ನು ಹುಡುಕಿ ಜೋಡಿಸುತ್ತದೆ. ರಾಸ್ಪ್‌ಬೆರಿ ಪೈ, ಆರೆಂಜ್ ಪೈ, ಬೀಗಲ್‌ಬೋನ್ ಮುಂತಾದ, ಒಂದೇ ಹಲಗೆಯ ಮೇಲೆ ಇಡೀ ಕಂಪ್ಯೂಟರ್ ಇರುವ ಸಿಂಗಲ್ ಬೋರ್ಡ್ ಕಂಪ್ಯೂಟರುಗಳಲ್ಲಿ ಪರಿಸ್ಥಿತಿ ಬೇರೆ. ಚಿಪ್‌ಗಳ ನಡುವೆ ಮಾಹಿತಿ ಸಾಗಿಸುವ ಐ2ಸಿ, ಎಸ್‌ಪಿಐ, ಯುಎಆರ್‌ಟಿ ತಂತಿಗಳ ಆಚೆ ತುದಿಯಲ್ಲಿರುವ ಚಿಪ್‌ಗೆ ತಾನು ಯಾರೆಂದು ಹೇಳಿಕೊಳ್ಳುವ ದಾರಿಯೇ ಇಲ್ಲ. ಯಾವ ಬಸ್ಸಿನಲ್ಲಿ, ಅಂದರೆ ಯಾವ ತಂತಿಗಳ ಗುಂಪಿನಲ್ಲಿ, ಯಾವ ವಿಳಾಸದಲ್ಲಿ, ಯಾವ ಪಿನ್ನುಗಳಿಗೆ ಏನು ಕೂಡಿಸಿದೆ ಎಂಬುದನ್ನು ಕರ್ನಲ್‌ಗೆ ಬೇರೆ ಯಾರಾದರೂ ತಿಳಿಸಬೇಕು. ಮನೆಯ ಗೋಡೆಯೊಳಗಿನ ವೈರಿಂಗ್ ನಕ್ಷೆಯಂತೆ ಈ ವಿವರಗಳನ್ನೆಲ್ಲ ಹಿಡಿದಿಟ್ಟಿರುವ ಕಡತಕ್ಕೆ ಡಿವೈಸ್ ಟ್ರೀ ಎಂದು ಹೆಸರು.

ಇದು ಪವರ್‌ಪಿಸಿ ಯಂತ್ರಗಳ ಕಾಲದಿಂದಲೂ ಬಳಕೆಯಲ್ಲಿದ್ದ ಏರ್ಪಾಡು. ಆರ್ಮ್ ಬಗೆಯ ಪ್ರೊಸೆಸರ್ ಇರುವ ಬೋರ್ಡುಗಳಲ್ಲಿ ಮಾತ್ರ ಬಹುಕಾಲ ಪ್ರತಿಯೊಂದು ಬೋರ್ಡಿನ ವಿವರವನ್ನೂ ಕರ್ನಲ್‌ನ ಮೂಲಸಂಕೇತದಲ್ಲೇ ಸಿ ಭಾಷೆಯಲ್ಲಿ ಬರೆದಿಡುತ್ತಿದ್ದರು. 2011ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಈ ಗೊಂದಲದ ಬಗ್ಗೆ ಬಹಿರಂಗವಾಗಿಯೇ ಸಿಡುಕಿದ ಮೇಲೆ ಆರ್ಮ್ ಬಳಗ ಡಿವೈಸ್ ಟ್ರೀ ಕಡೆಗೆ ವೇಗವಾಗಿ ಹೊರಳಿತು. ಹಾಗಾಗಿ ಇಂದು ಬೋರ್ಡಿನಲ್ಲಿ ಏನಾದರೂ ಕೆಲಸ ಮಾಡದಿದ್ದರೆ "ಡ್ರೈವರ್ ಇಲ್ಲ" ಎಂದು ತೀರ್ಮಾನಿಸಿ ಎಲ್ಲಿಂದಲೋ ಸ್ಕ್ರಿಪ್ಟ್ ಇಳಿಸಿಕೊಂಡು ಓಡಿಸುವುದಕ್ಕಿಂತ ನಾಲ್ಕು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ವಿದ್ಯುತ್ತೂ ತಂತಿಯೂ ಸರಿಯಾಗಿವೆಯೇ? ಸಾಧನ ಅಲ್ಲಿದೆಯೆಂದು ಕರ್ನಲ್‌ಗೆ ಗೊತ್ತಾಗಿದೆಯೇ? ಅದಕ್ಕೆ ತಕ್ಕ ಡ್ರೈವರ್ ಈಗ ಓಡುತ್ತಿರುವ ಕರ್ನಲ್‌ನಲ್ಲಿ ಇದೆಯೇ? ಆ ಡ್ರೈವರ್ ಬೇಡುವ ಫರ್ಮ್‌ವೇರ್, ಅಂದರೆ ಸಾಧನದೊಳಗೇ ಓಡುವ ತಂತ್ರಾಂಶದ ಕಡತ, ಎಸ್‌ಡಿ ಕಾರ್ಡಿನಲ್ಲಿ ಇದೆಯೇ? ಡ್ರೈವರ್ ತೊಂದರೆಯೆಂದು ಜನ ತರುವ ದೂರುಗಳಲ್ಲಿ ಬಹಳಷ್ಟು ಮೊದಲ ಎರಡು ಪ್ರಶ್ನೆಗಳಲ್ಲೇ ಬಗೆಹರಿಯುತ್ತವೆ ಎಂಬುದು ನನ್ನ ಅನುಭವ.

ಮುಂದೆ ಬರುವ ಕಮಾಂಡುಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಇಮೇಜಿನ ಆಯ್ಕೆ

ಪಿಸಿಯಲ್ಲಿ ಒಂದೇ ಐಎಸ್‌ಒ ಕಡತ ಎಲ್ಲ ಯಂತ್ರಗಳಲ್ಲೂ ಬೂಟ್ ಆಗುತ್ತದೆ. ಇಲ್ಲಿ ಬೋರ್ಡಿಗೊಂದು ಇಮೇಜ್, ಅಂದರೆ ಕಾರ್ಡಿಗೆ ಬರೆಯುವ ಸಿದ್ಧ ಲಿನಕ್ಸ್ ಕಡತ, ಬೇಕು. ಪ್ರೊಸೆಸರ್ ಚಿಪ್‌ನೊಳಗೆ ಅಚ್ಚಾಗಿರುವ ಬೂಟ್ ರೋಮ್ ತನ್ನ ಬೂಟ್‌ಲೋಡರನ್ನು (ಕರ್ನಲನ್ನು ಎತ್ತಿ ಓಡಿಸುವ ತಂತ್ರಾಂಶವನ್ನು) ಎಸ್‌ಡಿ ಕಾರ್ಡಿನ ನಿಗದಿತ ಜಾಗದಲ್ಲಿ ಮಾತ್ರ ಹುಡುಕುತ್ತದೆ: ಆಲ್‌ವಿನ್ನರ್ ಚಿಪ್‌ಗಳು ಕಾರ್ಡಿನ ಆರಂಭದಿಂದ 8 ಕಿಲೋಬೈಟ್ ಆಚೆ ನೋಡಿದರೆ ರಾಕ್‌ಚಿಪ್‌ನವು 64ನೆಯ ಸೆಕ್ಟರಿನಲ್ಲಿ, ಅಂದರೆ 32 ಕಿಲೋಬೈಟ್ ಆಚೆ ನೋಡುತ್ತವೆ. ಚಿಪ್ ಒಂದೇ ಆಗಿದ್ದರೂ ಬೋರ್ಡ್ ಬೇರೆಯಾದರೆ ಡಿವೈಸ್ ಟ್ರೀ ಬೇರೆಯಾಗುತ್ತದೆ. ಆರೆಂಜ್ ಪೈ ಪಿಸಿ, ಆರೆಂಜ್ ಪೈ ಒನ್ ಎರಡರಲ್ಲೂ ಇರುವುದು ಆಲ್‌ವಿನ್ನರ್ ಎಚ್3 ಚಿಪ್ಪೇ. ಆದರೆ ಪ್ರೊಸೆಸರಿಗೆ ವೋಲ್ಟೇಜ್ ಕೊಡುವ ಭಾಗ ಮೊದಲನೆಯದರಲ್ಲಿ ಐ2ಸಿ ಮೂಲಕ ಹಂತಹಂತವಾಗಿ ಬದಲಾಗುತ್ತದೆ, ಎರಡನೆಯದರಲ್ಲಿ ಒಂದು ಪಿನ್ನಿನ ಮೂಲಕ ಎರಡೇ ಹಂತಗಳ ನಡುವೆ ಬದಲಾಗುತ್ತದೆ. ಒಂದರ ಇಮೇಜನ್ನು ಇನ್ನೊಂದಕ್ಕೆ ಹಾಕಿ ಅದು ಹೇಗೋ ಬೂಟ್ ಆದರೂ ವೋಲ್ಟೇಜ್ ನಿಯಂತ್ರಣ ಸರಿಯಾಗಿರುವುದಿಲ್ಲ.

ಇದರ ಜೊತೆಗೆ ಯಾವ ಕರ್ನಲ್ ಎಂಬ ಪ್ರಶ್ನೆಯೂ ಇದೆ. ಚಿಪ್ ತಯಾರಕರು ತಮ್ಮದೇ ತಿದ್ದುಪಡಿಗಳನ್ನು ಸೇರಿಸಿ ಒಂದು ಹಳೆಯ ಆವೃತ್ತಿಗೆ ಅಂಟಿಕೊಂಡ ಕರ್ನಲನ್ನು ಕೊಡುತ್ತಾರೆ. ಎಚ್3ಗೆ ಅದು 3.4ನೆಯ ಆವೃತ್ತಿ, ರಾಕ್‌ಚಿಪ್‌ನ ಆರ್‌ಕೆ3588ಗೆ 5.10 ಮತ್ತು 6.1. ವಿಡಿಯೊ ಡಿಕೋಡಿಂಗ್, ಕ್ಯಾಮೆರಾ, ಎಐ ಲೆಕ್ಕಗಳಿಗಾಗಿರುವ ಎನ್‌ಪಿಯು ಇವೆಲ್ಲ ಮೊದಲು ಕೆಲಸ ಮಾಡುವುದು ಈ ವೆಂಡರ್ ಕರ್ನಲ್‌ನಲ್ಲಿ. ಲಿನಕ್ಸ್‌ನ ಮುಖ್ಯವಾಹಿನಿಗೆ, ಅಂದರೆ ಮೇನ್‌ಲೈನ್ ಕರ್ನಲ್‌ಗೆ, ಅವು ಬರಲು ವರ್ಷಗಳೇ ಹಿಡಿಯುತ್ತವೆ. ಆದರೆ ಭದ್ರತೆಯ ಪರಿಷ್ಕರಣೆಗಳೂ ಹೊಸ ಯುಎಸ್‌ಬಿ ಸಾಧನಗಳ ಡ್ರೈವರ್‌ಗಳೂ ಸಿಗುವುದು ಮೇನ್‌ಲೈನ್‌ನಲ್ಲೇ. ಸೆನ್ಸರ್ ಓದುವುದು, ಕಡತಗಳನ್ನು ಹಂಚುವುದು, ತೋಟದ ಪಂಪ್ ನಿಯಂತ್ರಿಸುವುದು ಇಂತಹ ಕೆಲಸಗಳಿಗೆ ನಾನು ಮೇನ್‌ಲೈನ್ ಬಿಟ್ಟು ಬೇರೆ ಯೋಚಿಸುವುದಿಲ್ಲ. ಟಿವಿಗೆ ಕೂಡಿಸಿ ಸಿನಿಮಾ ನೋಡುವ ಉದ್ದೇಶವಿದ್ದರೆ ಮಾತ್ರ ವೆಂಡರ್ ಕರ್ನಲ್ ಆರಿಸಬಹುದು. ಇಂತಹ ಬೋರ್ಡುಗಳಿಗೆಂದೇ ಲಿನಕ್ಸ್ ಸಿದ್ಧಪಡಿಸುವ ಆರ್ಮ್‌ಬಿಯನ್ ಯೋಜನೆ ಹಲವು ಬೋರ್ಡುಗಳಿಗೆ ಎರಡೂ ಬಗೆಯ ಇಮೇಜುಗಳನ್ನು ಕರೆಂಟ್, ವೆಂಡರ್ ಎಂಬ ಹೆಸರುಗಳಲ್ಲಿ ಒದಗಿಸುತ್ತದೆ. ರಾಸ್ಪ್‌ಬೆರಿ ಪೈ ಕೊಂಡವರಿಗೆ ಈ ಜಿಜ್ಞಾಸೆ ಬೇಡ. ರಾಸ್ಪ್‌ಬೆರಿ ಪೈ ಓಎಸ್ ಸಾಕು.

ಇಮೇಜ್ ಇಳಿಸಿದ ಮೇಲೆ ಕಡತ ಕೆಡದೆ ಇಳಿದಿದೆಯೇ ಎಂದು ತಿಳಿಯಲು ಅದರ ಎಸ್‌ಎಚ್‌ಎ256 ಮೊತ್ತವನ್ನು ತಾಳೆ ನೋಡಿ ಕಾರ್ಡಿಗೆ ಬರೆಯಿರಿ. ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ 2022ರ ಏಪ್ರಿಲ್‌ನಿಂದ "ಪೈ" ಎಂಬ ಸಿದ್ಧ ಬಳಕೆದಾರ ಖಾತೆ ಇಲ್ಲ. ಪರದೆ ಕೂಡಿಸದೆ ಬಳಸುವವರು ಕಾರ್ಡ್ ಬರೆಯುವಾಗಲೇ ಇಮೇಜರ್ ತಂತ್ರಾಂಶದಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್, ಬೇರೆ ಕಂಪ್ಯೂಟರಿನಿಂದ ಒಳಹೋಗುವ ಎಸ್‌ಎಸ್‌ಎಚ್, ವೈಫೈ ಹಾಗೂ ದೇಶದ ಸಂಕೇತವನ್ನು ತುಂಬಿರಬೇಕು. ದೇಶದ ಸಂಕೇತವನ್ನು ಬಿಟ್ಟರೆ ಪೈ ತನ್ನ ವೈಫೈಯನ್ನು ತಡೆಹಿಡಿದೇ ಇಡುತ್ತದೆ. ಆರ್‌ಎಫ್‌ಕಿಲ್ ಕಮಾಂಡ್ ಅದನ್ನು "ಸಾಫ್ಟ್ ಬ್ಲಾಕ್ಡ್" ಎಂದು ತೋರಿಸುತ್ತದೆಯೇ ಹೊರತು ಡ್ರೈವರ್‌ನಲ್ಲಿ ದೋಷವೇನೂ ಇರುವುದಿಲ್ಲ.

ವಿದ್ಯುತ್ತು

ರಾಸ್ಪ್‌ಬೆರಿ ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್, ಪೈ 5ಕ್ಕೆ 5 ವೋಲ್ಟ್ 5 ಆಂಪಿಯರ್ ಅಡಾಪ್ಟರ್ ಬೇಕು. ಪೈ 5ಕ್ಕೆ 3 ಆಂಪಿಯರಿನ ಅಡಾಪ್ಟರ್ ಕೊಟ್ಟರೂ ಬೂಟ್ ಆಗುತ್ತದೆ, ಆದರೆ ಯುಎಸ್‌ಬಿ ಪೋರ್ಟುಗಳೆಲ್ಲಕ್ಕೂ ಸೇರಿ 600 ಮಿಲಿಆಂಪಿಯರ್ ಮಾತ್ರ ಸಿಗುತ್ತದೆ. ಅದರಿಂದ ಹಾರ್ಡ್ ಡಿಸ್ಕ್ ತಿರುಗಲಾರದು. ಮೊಬೈಲ್ ಚಾರ್ಜರಿನ ತೆಳು ಕೇಬಲ್ ಇನ್ನೊಂದು ಶತ್ರು. ಅಡಾಪ್ಟರ್ 5 ವೋಲ್ಟ್ ಕೊಟ್ಟರೂ ಕೇಬಲ್‌ನಲ್ಲೇ ಒಂದಿಷ್ಟು ಇಳಿದು, 4.63 ವೋಲ್ಟಿನ ಕೆಳಗೆ ಹೋದೊಡನೆ ಪೈ ಎಚ್ಚರಿಕೆ ದಾಖಲಿಸುತ್ತದೆ. ವಿಸಿಜೆನ್‌ಸಿಎಂಡಿ ಕಮಾಂಡಿಗೆ ಗೆಟ್-ಅಂಡರ್‌ಸ್ಕೋರ್-ಥ್ರಾಟಲ್ಡ್ ಎಂಬ ಆದೇಶ ಕೊಟ್ಟು ನೋಡಿ. ಉತ್ತರ ಸೊನ್ನೆಯಾದರೆ ಸರಿ. ಹೆಕ್ಸ್‌ನಲ್ಲಿ 50000 ಬಂದರೆ ಬೂಟ್ ಆದ ಮೇಲೆ ಎಂದೋ ಒಮ್ಮೆ ವೋಲ್ಟೇಜ್ ಕುಸಿದು ವೇಗ ಕಡಿತವಾಗಿತ್ತು, 50005 ಬಂದರೆ ಈ ಕ್ಷಣದಲ್ಲೂ ಕುಸಿದಿದೆ ಎಂದರ್ಥ. ಇದು ಸೊನ್ನೆಗೆ ಬರುವ ತನಕ ಬೇರೆ ಯಾವ ದೋಷವನ್ನೂ ಹುಡುಕಬೇಡಿ. ವೋಲ್ಟೇಜ್ ಸಾಲದಾಗ ಒಮ್ಮೆ ವೈಫೈ ಬಿಡುತ್ತದೆ, ಇನ್ನೊಮ್ಮೆ ಕಾರ್ಡಿನ ಫೈಲ್ ಸಿಸ್ಟಂ ಕೆಡುತ್ತದೆ, ಲಕ್ಷಣಗಳ ಹಿಂದೆ ಓಡಿ ಸುಸ್ತಾಗುತ್ತೀರಿ.

ಏನೂ ಕಾಣದಿದ್ದಾಗ ಸೀರಿಯಲ್ ಕನ್ಸೋಲ್

ಪರದೆ ಕಪ್ಪಾಗಿದ್ದರೆ ಬೋರ್ಡ್ ಸತ್ತಿದೆ ಎಂದೇನಲ್ಲ. ಪೈ 4ರಲ್ಲಿ ಹಸಿರು ದೀಪ 4 ಬಾರಿ ಮಿನುಗಿ ನಿಂತು ಮತ್ತೆ ಮಿನುಗುತ್ತಿದ್ದರೆ ಸ್ಟಾರ್ಟ್ ಎಂಬ ಹೆಸರಿನ ಫರ್ಮ್‌ವೇರ್ ಕಡತ ಸಿಕ್ಕಿಲ್ಲ, 7 ಬಾರಿಯಾದರೆ ಕರ್ನಲ್ ಸಿಕ್ಕಿಲ್ಲ. ಬೇರೆ ಬೋರ್ಡುಗಳಲ್ಲಿ ಇಷ್ಟು ಸೌಜನ್ಯವೂ ಇರುವುದಿಲ್ಲ, ಅಲ್ಲಿ ಬೋರ್ಡಿನ ಸಂದೇಶಗಳನ್ನು ತಂತಿಯ ಮೂಲಕ ಇನ್ನೊಂದು ಕಂಪ್ಯೂಟರಿನಲ್ಲಿ ಓದುವ ಸೀರಿಯಲ್ ಕನ್ಸೋಲೇ ಗತಿ. ಒಂದು ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಬೋರ್ಡ್ ಇಟ್ಟುಕೊಂಡ ಪ್ರತಿಯೊಬ್ಬರ ಬಳಿಯೂ ಇರಬೇಕು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿದರೂ ಸಿಗುವ ವಸ್ತು ಅದು, ಆದರೆ ಕೊಳ್ಳುವಾಗ 3.3 ವೋಲ್ಟಿನದೇ ಎಂದು ಖಚಿತಪಡಿಸಿಕೊಳ್ಳಿ. 5 ವೋಲ್ಟಿನ ಸಂಕೇತ ಈ ಬೋರ್ಡುಗಳ ಪಿನ್ನುಗಳನ್ನು ಸುಡಬಲ್ಲದು.

ಪೈ 4ರಲ್ಲಿ 6ನೆಯ ಪಿನ್ ಗ್ರೌಂಡ್, 8ನೆಯದು ಬೋರ್ಡಿನಿಂದ ಹೊರಬರುವ ಟಿಎಕ್ಸ್, 10ನೆಯದು ಒಳಹೋಗುವ ಆರ್‌ಎಕ್ಸ್. ಬೋರ್ಡಿನ ಟಿಎಕ್ಸ್ ಅಡಾಪ್ಟರಿನ ಆರ್‌ಎಕ್ಸ್‌ಗೆ, ಬೋರ್ಡಿನ ಆರ್‌ಎಕ್ಸ್ ಅಡಾಪ್ಟರಿನ ಟಿಎಕ್ಸ್‌ಗೆ ಹೋಗಬೇಕು. ಅಡಾಪ್ಟರಿನ ಕೆಂಪು ತಂತಿಯನ್ನು ಯಾವುದಕ್ಕೂ ಕೂಡಿಸಬೇಡಿ. ಕಾರ್ಡಿನ ಬೂಟ್ ಭಾಗದಲ್ಲಿರುವ ಕಾನ್ಫಿಗ್ ಡಾಟ್ ಟಿಎಕ್ಸ್‌ಟಿ ಕಡತಕ್ಕೆ "ಎನೇಬಲ್-ಅಂಡರ್‌ಸ್ಕೋರ್-ಯುಎಆರ್‌ಟಿ ಸಮ 1" ಎಂಬ ಸಾಲನ್ನು ಸೇರಿಸಿ, ನಿಮ್ಮ ಕಂಪ್ಯೂಟರಿನಲ್ಲಿ ಪಿಕೋಕಾಮ್ ಅಥವಾ ಸ್ಕ್ರೀನ್ ತಂತ್ರಾಂಶವನ್ನು 1,15,200 ಬಾಡ್ ವೇಗದಲ್ಲಿ ತೆರೆಯಿರಿ. ರಾಕ್‌ಚಿಪ್‌ನ ಆರ್‌ಕೆ3399, ಆರ್‌ಕೆ3588 ಬೋರ್ಡುಗಳು ಸಾಮಾನ್ಯವಾಗಿ 15 ಲಕ್ಷ ಬಾಡ್‌ನಲ್ಲಿ ಮಾತಾಡುತ್ತವೆ. ಸಿಪಿ2102 ಚಿಪ್ಪಿನ ಅಡಾಪ್ಟರ್ 10 ಲಕ್ಷಕ್ಕೇ ನಿಲ್ಲುವುದರಿಂದ ಅಲ್ಲಿ ಬರೀ ಕಸದ ಅಕ್ಷರಗಳು ಕಂಡು ಬೋರ್ಡ್ ಕೆಟ್ಟಿದೆ ಎನಿಸುವುದುಂಟು.

ಕನ್ಸೋಲಿನಲ್ಲಿ ಒಂದಕ್ಷರವೂ ಬರದಿದ್ದರೆ ಬೂಟ್‌ಲೋಡರ್ ಸಿಕ್ಕಿಲ್ಲ, ಕಾರ್ಡನ್ನು ಮತ್ತೆ ಬರೆಯಬೇಕು. ಯು-ಬೂಟ್ ಎಂಬ ಬೂಟ್‌ಲೋಡರ್ ತನ್ನ ಹೆಸರು ಹೇಳಿಕೊಂಡು ನಿಂತುಬಿಟ್ಟರೆ ಕರ್ನಲ್ ಅಥವಾ ಡಿವೈಸ್ ಟ್ರೀ ಕಡತ ಸಿಕ್ಕಿಲ್ಲ. ಯಾವ ಕಡತ ಎಂಬುದನ್ನು ಕೊನೆಯ ಸಾಲುಗಳೇ ಹೇಳುತ್ತವೆ. "ಸ್ಟಾರ್ಟಿಂಗ್ ಕರ್ನಲ್" ಎಂದು ಬರೆದ ಮೇಲೆ ಮೌನವಾದರೆ ಎರಡು ಸಾಧ್ಯತೆಗಳಿವೆ: ಕರ್ನಲ್ ಬೇರೆ ಸೀರಿಯಲ್ ಪೋರ್ಟಿಗೆ ಬರೆಯುತ್ತಿರಬಹುದು, ಅಥವಾ ಬೇರೆ ಬೋರ್ಡಿನ ಡಿವೈಸ್ ಟ್ರೀ ಎತ್ತಿಕೊಂಡಿರಬಹುದು.

ಒಂದು ಉದಾಹರಣೆ: ಗಡಿಯಾರದ ಚಿಪ್

ಪೈ 4 ಮತ್ತು ಅದಕ್ಕೂ ಹಿಂದಿನ ಪೈಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ಇಂಟರ್ನೆಟ್ ಇಲ್ಲದ ತೋಟದ ಮನೆಯಲ್ಲಿ ಕರೆಂಟ್ ಹೋಗಿ ಬಂದರೆ ಅದು ಸಮಯವನ್ನು ಮರೆಯುತ್ತದೆ, ದಾಖಲೆಗಳಲ್ಲೆಲ್ಲ ತಪ್ಪು ದಿನಾಂಕ ಬೀಳುತ್ತದೆ. ಇದಕ್ಕೆ ಡಿಎಸ್3231 ಚಿಪ್ಪಿರುವ ಪುಟ್ಟ ಬೋರ್ಡನ್ನು ಐ2ಸಿಗೆ ಕೂಡಿಸುವುದು ರೂಢಿ. ನಾಲ್ಕೂ ಪ್ರಶ್ನೆಗಳ ಪೈಕಿ ಮೊದಲ ಮೂರನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲವಾದ್ದರಿಂದ ಕೊಂಚ ನಿಧಾನವಾಗಿ ನೋಡೋಣ.

ಪೈಯನ್ನು ಪೂರ್ತಿ ಆರಿಸಿ, ಗಡಿಯಾರದ ಬೋರ್ಡಿನ ವಿಸಿಸಿಯನ್ನು 1ನೆಯ ಪಿನ್ನಿಗೆ, ಎಸ್‌ಡಿಎಯನ್ನು 3ಕ್ಕೆ, ಎಸ್‌ಸಿಎಲ್ ಅನ್ನು 5ಕ್ಕೆ, ಗ್ರೌಂಡನ್ನು 6ಕ್ಕೆ ಕೂಡಿಸಿ. 1ನೆಯ ಪಿನ್ನಿನಲ್ಲಿ ಬರುವುದು 3.3 ವೋಲ್ಟ್. ಬೋರ್ಡಿನ ಮೇಲೆ 5 ವೋಲ್ಟ್ ಎಂದು ಅಚ್ಚಾಗಿದ್ದರೂ 2ನೆಯ ಪಿನ್ನಿಗೆ ಹೋಗಬೇಡಿ, ಏಕೆಂದರೆ ಅದರ ಮೇಲಿನ ಪುಲ್-ಅಪ್ ರೆಸಿಸ್ಟರುಗಳು ಐ2ಸಿ ತಂತಿಗಳನ್ನು ವಿಸಿಸಿಯ ಮಟ್ಟಕ್ಕೆ ಎಳೆಯುತ್ತವೆ ಮತ್ತು ಪೈನ ಪಿನ್ನುಗಳು 5 ವೋಲ್ಟ್ ತಾಳುವುದಿಲ್ಲ. ಝಡ್ಎಸ್-042 ಎಂಬ ಅಗ್ಗದ ಬೋರ್ಡಿನಲ್ಲಿ ಇನ್ನೊಂದು ಅಪಾಯವಿದೆ. ಅದರ ಮೇಲೆ ರೀಚಾರ್ಜ್ ಆಗುವ ಎಲ್‌ಐಆರ್2032 ಸೆಲ್ಲಿಗಾಗಿ ಚಾರ್ಜಿಂಗ್ ಸರ್ಕ್ಯೂಟ್ ಇದೆ. 5 ವೋಲ್ಟ್ ಕೊಟ್ಟು, ಸಾಮಾನ್ಯ ಸಿಆರ್2032 ಸೆಲ್ ಹಾಕಿದರೆ ಚಾರ್ಜ್ ಮಾಡಬಾರದ ಸೆಲ್ಲನ್ನು ಚಾರ್ಜ್ ಮಾಡುತ್ತಾ ಹೋಗುತ್ತದೆ, ಸೆಲ್ ಉಬ್ಬಬಹುದು. 3.3 ವೋಲ್ಟಿನಲ್ಲಿ ಈ ತೊಂದರೆ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಪೈಯನ್ನು ಹಚ್ಚಿ ರಾಸ್ಪಿ-ಕಾನ್ಫಿಗ್ ತೆರೆದು, ಇಂಟರ್‌ಫೇಸ್ ಆಯ್ಕೆಗಳಲ್ಲಿ ಐ2ಸಿಯನ್ನು ಚಾಲೂ ಮಾಡಿ, ಐ2ಸಿ-ಟೂಲ್ಸ್ ಪ್ಯಾಕೇಜ್ ಹಾಕಿಕೊಳ್ಳಿ. ನಂತರ ಐ2ಸಿಡಿಟೆಕ್ಟ್ ಕಮಾಂಡನ್ನು ಹೈಫನ್-ವೈ ಮತ್ತು ಬಸ್ ಸಂಖ್ಯೆ 1ರೊಂದಿಗೆ ಓಡಿಸಿದರೆ ಪರದೆಯ ಮೇಲೆ ಗೆರೆಗಳ ಒಂದು ಚೌಕಟ್ಟು ಮೂಡಿ, ನಡುವೆ 68 ಎಂಬ ಅಂಕೆ ಕಾಣಬೇಕು. ಡಿಎಸ್3231ರ ವಿಳಾಸ ಅದು. ಝಡ್ಎಸ್-042 ಆಗಿದ್ದರೆ ಜೊತೆಗೆ 57 ಕೂಡ ಕಾಣುತ್ತದೆ. ಅದು ಅದೇ ಬೋರ್ಡಿನಲ್ಲಿರುವ ಈಪ್ರಾಮ್ ಚಿಪ್. ಇಲ್ಲಿಗೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು, ಇನ್ನೂ ಯಾವ ಡ್ರೈವರ್‌ನ ಸುದ್ದಿಯೂ ಇಲ್ಲದೆ. ಚೌಕಟ್ಟೆಲ್ಲ ಖಾಲಿಯಾಗಿದ್ದರೆ ಎಸ್‌ಡಿಎ, ಎಸ್‌ಸಿಎಲ್ ಅದಲುಬದಲಾಗಿರಬಹುದು ಅಥವಾ ಪಿನ್ನುಗಳನ್ನು ಬೆಸುಗೆ ಹಾಕದೆ ಬರೀ ಸಿಕ್ಕಿಸಿರಬಹುದು; ಲಿನಕ್ಸ್ ಕಡೆಯಲ್ಲಿ ಎಷ್ಟು ತಿಣುಕಿದರೂ ಪ್ರಯೋಜನವಿಲ್ಲ. ಎಂಪಿಯು6050 ಚಲನ ಸೆನ್ಸರಿನ ಮೂಲ ವಿಳಾಸವೂ 68 ಆಗಿರುವುದರಿಂದ ಎರಡನ್ನೂ ಒಂದೇ ಬಸ್ಸಿಗೆ ಹಾಕುವವರು ಸೆನ್ಸರಿನ ಎಡಿ0 ಪಿನ್ನನ್ನು 3.3 ವೋಲ್ಟಿಗೆ ಕೂಡಿಸಿ ಅದನ್ನು 69ಕ್ಕೆ ಸರಿಸಬೇಕು.

ಈಗ ಎರಡನೆಯ ಪ್ರಶ್ನೆ. 68ರಲ್ಲಿ ಏನೋ ಉತ್ತರಿಸುತ್ತಿದೆ ಎಂಬುದು ಗೊತ್ತಾಯಿತೇ ಹೊರತು ಅದು ಗಡಿಯಾರವೋ ಸೆನ್ಸರೋ ಎಂದು ಕರ್ನಲ್‌ಗೆ ತಿಳಿಯದು. ಅದನ್ನು ತಿಳಿಸುವುದು ಓವರ್‌ಲೇ, ಅಂದರೆ ಡಿವೈಸ್ ಟ್ರೀಗೆ ಸೇರಿಸುವ ಪುಟ್ಟ ತುಣುಕು. ಕಾನ್ಫಿಗ್ ಡಾಟ್ ಟಿಎಕ್ಸ್‌ಟಿ ಕಡತದಲ್ಲಿ "ಡಿಟಿಓವರ್‌ಲೇ ಸಮ ಐ2ಸಿ-ಆರ್‌ಟಿಸಿ, ಡಿಎಸ್3231" ಎಂಬ ಸಾಲನ್ನು, ಅಲ್ಪವಿರಾಮದ ಆಚೀಚೆ ಜಾಗ ಬಿಡದೆ, ಸೇರಿಸಿ ರೀಬೂಟ್ ಮಾಡಿ. 2023ರ ಅಕ್ಟೋಬರಿನಲ್ಲಿ ಬಂದ ಬುಕ್‌ವರ್ಮ್ ಆವೃತ್ತಿಯಿಂದ ಈ ಕಡತ ಬೂಟ್ ಕೋಶದೊಳಗಿನ ಫರ್ಮ್‌ವೇರ್ ಕೋಶದಲ್ಲಿದೆ. ಹಳೆಯ ಬರಹಗಳನ್ನು ನೋಡಿಕೊಂಡು ಬೂಟ್ ಕೋಶದಲ್ಲೇ ಹೊಸ ಕಡತ ಮಾಡಿದರೆ ಅದನ್ನು ಯಾರೂ ಓದುವುದಿಲ್ಲ. ಕಡತದೊಳಗೆ ಚೌಕ ಆವರಣದಲ್ಲಿ "ಸಿಎಂ4", "ಆಲ್" ಎಂಬಂತಹ ತಲೆಬರಹಗಳಿರುತ್ತವೆ. "ಸಿಎಂ4" ಕೆಳಗೆ ಬರೆದ ಸಾಲು ಕಂಪ್ಯೂಟ್ ಮಾಡ್ಯೂಲ್ 4 ಎಂಬ ಬೋರ್ಡಿಗೆ ಮಾತ್ರ ಅನ್ವಯಿಸುವುದರಿಂದ ನಿಮ್ಮ ಸಾಲು "ಆಲ್" ಕೆಳಗೇ ಇರಲಿ. ಸಾಲು ಸರಿಯಿದ್ದೂ ಫಲ ಕಾಣದಿದ್ದರೆ ವಿಸಿಲಾಗ್ ಕಮಾಂಡಿನಲ್ಲಿ ಫರ್ಮ್‌ವೇರಿನ ಸಂದೇಶಗಳನ್ನು ಓದಬಹುದು. ಓವರ್‌ಲೇ ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೂ ಕರ್ನಲ್‌ಗಿಂತ ಮೊದಲೇ ಅಲ್ಲಿ ಅದರ ದೂರು ಇರುತ್ತದೆ.

ಮತ್ತೆ ಐ2ಸಿಡಿಟೆಕ್ಟ್ ಓಡಿಸಿದಾಗ 68 ಇದ್ದ ಜಾಗದಲ್ಲಿ "ಯುಯು" ಎಂಬ ಎರಡಕ್ಷರ ಬಂದಿದ್ದರೆ ಆ ವಿಳಾಸವನ್ನು ಒಂದು ಡ್ರೈವರ್ ಹಿಡಿದಿದೆ ಎಂದರ್ಥ. ಹೊಸಬರು ಇದನ್ನು ದೋಷವೆಂದುಕೊಂಡು ಗಾಬರಿಯಾಗುತ್ತಾರೆ. ನಮಗೆ ಬೇಕಾಗಿದ್ದೇ ಅದು, ಮೂರನೆಯ ಪ್ರಶ್ನೆಗೂ ಉತ್ತರ ಸಿಕ್ಕಿತು. ಕರ್ನಲ್ ಬರೆದಿಟ್ಟ ಸಂದೇಶಗಳನ್ನು ತೋರಿಸುವ ಡಿಮೆಸೆಜ್ (ಡಿ-ಎಂ-ಇ-ಎಸ್-ಜಿ ಎಂಬ ಐದೇ ಅಕ್ಷರ) ಕಮಾಂಡಿನಲ್ಲಿ ಆರ್‌ಟಿಸಿ-ಡಿಎಸ್1307 ಎಂಬ ಹೆಸರು ಕಂಡರೂ ಚಿಂತಿಸಬೇಡಿ, ಡಿಎಸ್1307ಕ್ಕೆಂದು ಬರೆದ ಡ್ರೈವರೇ ಡಿಎಸ್3231 ಚಿಪ್ಪನ್ನೂ ನಡೆಸುತ್ತದೆ. ಗಡಿಯಾರವಿಲ್ಲದ ಬೋರ್ಡಿನಲ್ಲಿ ಕೊನೆಯ ಸಮಯವನ್ನು ನೆನಪಿಡುವ ಫೇಕ್-ಎಚ್‌ಡಬ್ಲ್ಯುಕ್ಲಾಕ್ ಪ್ಯಾಕೇಜನ್ನು ತೆಗೆದುಹಾಕಿ, ಇಂಟರ್ನೆಟ್ ಇರುವಾಗಲೇ ಎಚ್‌ಡಬ್ಲ್ಯುಕ್ಲಾಕ್ ಕಮಾಂಡನ್ನು ಹೈಫನ್-ಡಬ್ಲ್ಯು ಜೊತೆ ಓಡಿಸಿ ಸಮಯವನ್ನು ಚಿಪ್ಪಿಗೆ ಬರೆಯಿರಿ. ಬುಕ್‌ವರ್ಮ್‌ಗೆ ಆಧಾರವಾದ ಡೆಬಿಯನ್ 12ರಲ್ಲಿ ಈ ಕಮಾಂಡ್ ಸಿಗದಿದ್ದರೆ ಯುಟಿಲ್-ಲಿನಕ್ಸ್-ಎಕ್ಸ್‌ಟ್ರಾ ಪ್ಯಾಕೇಜ್ ಹಾಕಬೇಕು. ನೆಟ್‌ವರ್ಕ್ ಬಿಡಿಸಿ, ಪ್ಲಗ್ ತೆಗೆದು, ಸ್ವಲ್ಪ ಹೊತ್ತಾದ ಮೇಲೆ ಹಚ್ಚಿ ದಿನಾಂಕ ನೋಡಿದರೆ ಫಲಿತಾಂಶ ತಿಳಿಯುತ್ತದೆ.

ಬೇರೆ ಬೋರ್ಡುಗಳಲ್ಲೂ ಕ್ರಮ ಇದೇ, ಕಡತದ ಹೆಸರು ಮಾತ್ರ ಬೇರೆ. ಆರ್ಮ್‌ಬಿಯನ್‌ನಲ್ಲಿ ಬೂಟ್ ಕೋಶದ ಆರ್ಮ್‌ಬಿಯನ್‌ಎನ್ವ್ ಕಡತದಲ್ಲಿ "ಓವರ್‌ಲೇಸ್" ಎಂಬ ಒಂದೇ ಸಾಲು ಇರುತ್ತದೆ, ಬೇಕಾದ ಓವರ್‌ಲೇಗಳ ಹೆಸರನ್ನು ಅದರಲ್ಲೇ ಜಾಗ ಬಿಟ್ಟು ಬರೆಯುತ್ತಾ ಹೋಗಬೇಕು. ನಿಮ್ಮ ಚಿಪ್ಪಿಗೆ ಸಿದ್ಧ ಓವರ್‌ಲೇ ಇಲ್ಲದಿದ್ದರೆ ನೀವೇ ಬರೆದ ಡಿಟಿಎಸ್ (ಡಿವೈಸ್ ಟ್ರೀಯ ಮೂಲ) ಕಡತವನ್ನು ಆರ್ಮ್‌ಬಿಯನ್-ಆಡ್-ಓವರ್‌ಲೇ ಕಮಾಂಡ್ ಕಂಪೈಲ್ ಮಾಡಿ ಸೇರಿಸುತ್ತದೆ. ಕರ್ನಲ್ ಕೈಯಲ್ಲಿ ಈಗಿರುವ ಟ್ರೀ ಯಾವುದೆಂದು ಅನುಮಾನ ಬಂದರೆ ಪ್ರಾಕ್ ಕೋಶದೊಳಗಿನ ಡಿವೈಸ್-ಟ್ರೀ ಕೋಶವನ್ನು ತೆರೆದು ನೋಡಿ. ಸಾಧನದ "ಸ್ಟೇಟಸ್" ಕಡತದಲ್ಲಿ "ಡಿಸೇಬಲ್ಡ್" ಎಂದಿದ್ದರೆ ಓವರ್‌ಲೇ ತಗುಲಿಲ್ಲ. "ಓಕೆ" ಎಂದಿದ್ದೂ ಕೆಲಸವಾಗದಿದ್ದರೆ "ಕಂಪ್ಯಾಟಿಬಲ್" ಕಡತದ ಹೆಸರು ಯಾವುದಾದರೂ ಡ್ರೈವರ್ ಒಪ್ಪುವ ಹೆಸರೇ ಎಂದು ಪರಿಶೀಲಿಸಬೇಕು. ಒಂದೇ ಪಿನ್ನನ್ನು ಎಸ್‌ಪಿಐ ಮತ್ತು ಯುಎಆರ್‌ಟಿ ಎರಡಕ್ಕೂ ಕೇಳಿದಾಗಲೂ ಎರಡನೆಯದು ನಿರಾಕರಣೆ ಪಡೆಯುತ್ತದೆ. ಪಿನ್ ಈಗಾಗಲೇ ಬೇರೆಯವರ ಕೈಯಲ್ಲಿದೆ ಎಂಬ ದೂರು ಡಿಮೆಸೆಜ್‌ನಲ್ಲಿ ಪಿನ್‌ಕಂಟ್ರೋಲ್ ಹೆಸರಿನಲ್ಲಿ ಇರುತ್ತದೆ.

ಪೈ 5 ಬಳಸುವವರಿಗೆ ಒಂದು ಮಾತು. ಅದರಲ್ಲಿ ಸಾಧನಗಳನ್ನು ಕೂಡಿಸುವ ಜಿಪಿಐಒ ಪಿನ್ನುಗಳು ಮುಖ್ಯ ಪ್ರೊಸೆಸರಿನಿಂದ ಆರ್‌ಪಿ1 ಎಂಬ ಪ್ರತ್ಯೇಕ ಚಿಪ್ಪಿಗೆ ಹೋಗಿವೆ. ಹಳೆಯ ಆರ್‌ಪಿಐ-ಜಿಪಿಐಒ ಪೈಥಾನ್ ಲೈಬ್ರರಿಯನ್ನು ನೆಚ್ಚಿಕೊಂಡ ಪ್ರೋಗ್ರಾಮುಗಳು ಓಡದಿರುವುದಕ್ಕೆ ಕಾರಣ ಇದೇ. ಜಿಪಿಐಒ-ಝೀರೋ ಅಥವಾ ಲಿಬ್‌ಜಿಪಿಐಒಡಿ ಬಳಸಿ. ಗಡಿಯಾರ ಪೈ 5ರಲ್ಲೇ ಇದೆ, ಸೆಲ್ ಕೂಡಿಸಿದರೆ ಸಾಕು.

ಇನ್ನೊಂದು ಉದಾಹರಣೆ: ಯುಎಸ್‌ಬಿ ವೈಫೈ

ಇಲ್ಲಿ ಎರಡನೆಯ ಪ್ರಶ್ನೆ ಸುಲಭ, ಮೂರು ಮತ್ತು ನಾಲ್ಕನೆಯವು ಕಷ್ಟ. ಡಬ್ಬಿಯ ಮೇಲಿನ ಹೆಸರನ್ನು ನಂಬುವಂತಿಲ್ಲ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಮಾದರಿಯ 1ನೆಯ ಆವೃತ್ತಿಯಲ್ಲಿ ಎಥೆರೋಸ್ ಎಆರ್9271 ಚಿಪ್ ಇತ್ತು, ಲಿನಕ್ಸ್‌ಗೆ ಅದು ಬಹಳ ಒಗ್ಗುವ ಚಿಪ್. 2ನೆಯ ಆವೃತ್ತಿಯಿಂದ ಅದೇ ಹೆಸರಿನಲ್ಲಿ ರಿಯಲ್‌ಟೆಕ್ ಚಿಪ್ ಬಂತು. ಆದ್ದರಿಂದ ಎಲ್‌ಎಸ್‌ಯುಎಸ್‌ಬಿ ಕಮಾಂಡ್ ತೋರಿಸುವ ಎರಡು ಸಂಖ್ಯೆಗಳನ್ನೇ ಹಿಡಿದು ಹುಡುಕಬೇಕು. ಅದನ್ನೇ ಹೈಫನ್-ಟಿ ಜೊತೆ ಓಡಿಸಿದರೆ ಪ್ರತಿ ಸಾಧನದ ಮುಂದೆ ಅದನ್ನು ಹಿಡಿದ ಡ್ರೈವರ್‌ನ ಹೆಸರು ಬರುತ್ತದೆ. ಹೆಸರಿನ ಜಾಗ ಬರಿದಾಗಿದ್ದರೆ ಡ್ರೈವರ್ ಸಿಕ್ಕಿಲ್ಲ.

ಕೆಲವು ರಿಯಲ್‌ಟೆಕ್ ಡಾಂಗಲುಗಳು 0ಬಿಡಿಎ:1ಎ2ಬಿ ಎಂಬ ಸಂಖ್ಯೆ ತೋರಿಸುತ್ತವೆ. ಅದು ವೈಫೈಯ ಸಂಖ್ಯೆಯೇ ಅಲ್ಲ. ವಿಂಡೋಸ್ ಡ್ರೈವರ್ ತುಂಬಿದ ಸಿಡಿಯಂತೆ ಡಾಂಗಲ್ ವೇಷ ಹಾಕಿಕೊಂಡಿರುವಾಗಿನ ಸಂಖ್ಯೆ. ಯುಎಸ್‌ಬಿ-ಮೋಡ್‌ಸ್ವಿಚ್ ತಂತ್ರಾಂಶದಿಂದ ಆ ಸಿಡಿಯನ್ನು ಹೊರತಳ್ಳಿದ ಕೂಡಲೇ ನಿಜವಾದ ಸಂಖ್ಯೆ ಕಾಣಿಸಿಕೊಳ್ಳುತ್ತದೆ. ಇದನ್ನು ತಿಳಿಯದೆ ಒಂದರ ಮೇಲೊಂದು ಡ್ರೈವರ್ ಕಂಪೈಲ್ ಮಾಡುತ್ತಾ ಕೂತವರನ್ನು ಕಂಡಿದ್ದೇನೆ.

ಡ್ರೈವರ್ ಕರ್ನಲ್‌ನೊಳಗೇ ಇದ್ದು, ಡಿಮೆಸೆಜ್‌ನಲ್ಲಿ ಫರ್ಮ್‌ವೇರ್ ಲೋಡ್ ಆಗಲಿಲ್ಲ, ದೋಷ -2 ಎಂದಿದ್ದರೆ ಅದು ನಾಲ್ಕನೆಯ ಪ್ರಶ್ನೆಯ ಉತ್ತರ: ಸಂದೇಶದಲ್ಲೇ ಹೆಸರಿಸಿದ ಕಡತ ಲಿಬ್ ಕೋಶದ ಫರ್ಮ್‌ವೇರ್ ಕೋಶದಲ್ಲಿ ಇಲ್ಲ. ಡೆಬಿಯನ್ 12ರಿಂದ ಇಂತಹ ಕಡತಗಳು ನಾನ್-ಫ್ರೀ-ಫರ್ಮ್‌ವೇರ್ ಎಂಬ ಪ್ರತ್ಯೇಕ ವಿಭಾಗದಲ್ಲಿವೆ. ಆ ವಿಭಾಗವನ್ನು ಎಪಿಟಿ ಮೂಲಗಳ ಪಟ್ಟಿಗೆ ಸೇರಿಸಿ ಫರ್ಮ್‌ವೇರ್-ರಿಯಲ್‌ಟೆಕ್ ಪ್ಯಾಕೇಜ್ ಹಾಕಿದರೆ ಮುಗಿಯಿತು.

ಡ್ರೈವರ್ ಕರ್ನಲ್‌ನಲ್ಲಿ ಇಲ್ಲವೇ ಇಲ್ಲ ಎಂದಾಗ ಮಾತ್ರ ಹೊರಗಿನ ಮೂಲಸಂಕೇತ ತಂದು ಕಂಪೈಲ್ ಮಾಡುವ ಮಾತು. ಅದಕ್ಕೂ ಮುಂಚೆ ಹೊಸ ಕರ್ನಲ್‌ನಲ್ಲಿ ಬಂದಿದೆಯೇ ನೋಡಿ: ರಿಯಲ್‌ಟೆಕ್‌ನ 8822ಬಿಯು, 8821ಸಿಯು ಚಿಪ್‌ಗಳಿಗೆ 6.2ರಿಂದಲೇ ಡ್ರೈವರ್ ಇದೆ. ಕಂಪೈಲ್ ಮಾಡಲೇಬೇಕಾದರೆ ಯುನೇಮ್ ಕಮಾಂಡ್ ಹೈಫನ್-ಆರ್ ಜೊತೆ ತೋರಿಸುವ ಆವೃತ್ತಿಗೂ ಹಾಕಿಕೊಂಡ ಹೆಡರ್ ಪ್ಯಾಕೇಜಿನ ಆವೃತ್ತಿಗೂ ಒಂದಕ್ಷರದ ವ್ಯತ್ಯಾಸವೂ ಇರಬಾರದು. ವ್ಯತ್ಯಾಸವಿದ್ದರೆ ಮಾಡ್ಯೂಲ್ (ಕರ್ನಲ್‌ಗೆ ಸೇರಿಸುವ ಡ್ರೈವರ್ ಕಡತ) ತಯಾರಾದರೂ ಒಳಸೇರುವಾಗ "ಎಕ್ಸೆಕ್ ಫಾರ್ಮ್ಯಾಟ್ ಎರರ್" ಬರುತ್ತದೆ. ಪೈ 4ರಲ್ಲಿ 32 ಬಿಟ್‌ನ ರಾಸ್ಪ್‌ಬೆರಿ ಪೈ ಓಎಸ್ ಹಾಕಿದ್ದರೂ ಕರ್ನಲ್ 64 ಬಿಟ್‌ನದೇ ಓಡುವುದರಿಂದ 32 ಬಿಟ್‌ನ ಜಿಸಿಸಿ ಕಂಪೈಲರ್ ಅದಕ್ಕೆ ಮಾಡ್ಯೂಲ್ ಮಾಡಲಾರದು. ಕಾನ್ಫಿಗ್ ಕಡತದಲ್ಲಿ "ಆರ್ಮ್-ಅಂಡರ್‌ಸ್ಕೋರ್-64ಬಿಟ್ ಸಮ 0" ಎಂದು ಬರೆಯಬಹುದು, ಪೂರ್ತಿ 64 ಬಿಟ್‌ನ ಇಮೇಜಿಗೆ ಹೋಗುವುದು ಮೇಲು. ಕಂಪೈಲ್ ಮಾಡುವುದನ್ನು, ಕರ್ನಲ್ ಬದಲಾದಾಗಲೆಲ್ಲ ಮಾಡ್ಯೂಲನ್ನು ತಾನೇ ಮತ್ತೆ ತಯಾರಿಸುವ ಡಿಕೆಎಂಎಸ್ ಮೂಲಕವೇ ಮಾಡಿ. ಇಲ್ಲದಿದ್ದರೆ ಮುಂದಿನ ಕರ್ನಲ್ ಅಪ್‌ಡೇಟ್ ಆದ ದಿನ ವೈಫೈ ಮಾಯವಾಗುತ್ತದೆ, ದೂರದ ಊರಿನಲ್ಲಿಟ್ಟ ಬೋರ್ಡಾದರೆ ಬಸ್ ಹತ್ತಬೇಕಾಗುತ್ತದೆ.

ಡಾಂಗಲ್ ಸಿಕ್ಕಿ, ಡ್ರೈವರ್ ಕೂಡಿ, ಆದರೂ 2.4 ಗಿಗಾಹರ್ಟ್ಸ್‌ನಲ್ಲಿ ಸಂಪರ್ಕ ತುಂಡುತುಂಡಾಗುತ್ತಿದ್ದರೆ ಪಕ್ಕದ ಯುಎಸ್‌ಬಿ 3 ಪೋರ್ಟಿನಲ್ಲಿ ಏನಿದೆ ನೋಡಿ. ಯುಎಸ್‌ಬಿ 3ರ ಸಂಕೇತ ಅದೇ ಆವರ್ತನದಲ್ಲಿ ಗದ್ದಲ ಎಬ್ಬಿಸುತ್ತದೆಂದು ಇಂಟೆಲ್ 2012ರಲ್ಲೇ ತೋರಿಸಿತ್ತು. ಒಂದು ಮೋಟುದ್ದದ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಾಂಗಲನ್ನು ಬೋರ್ಡಿನಿಂದ ದೂರವಿಟ್ಟರೆ ಸಾಕಾಗುತ್ತದೆ.

ದೋಷಸಂಖ್ಯೆಗಳನ್ನು ಓದುವುದು

ಡಿಮೆಸೆಜ್‌ನ ಸಾಲುಗಳ ಕೊನೆಯ ಋಣಸಂಖ್ಯೆಗಳನ್ನು ಬಹಳ ಮಂದಿ ಓದದೆ ಬಿಡುತ್ತಾರೆ. ನಾಲ್ಕು ಪ್ರಶ್ನೆಗಳಲ್ಲಿ ಯಾವುದರ ಹತ್ತಿರ ನಿಂತಿದ್ದೇವೆ ಎಂದು ಹೇಳುವುದೇ ಅವು. -2 ಎಂದರೆ ಕಡತವಿಲ್ಲ. -121 ಬಂದರೆ ಐ2ಸಿ ವಿಳಾಸದಲ್ಲಿ ಯಾರೂ ಉತ್ತರಿಸಲಿಲ್ಲ, ತಂತಿಯನ್ನೋ ವಿಳಾಸವನ್ನೋ ನೋಡಬೇಕು. -71 ಯುಎಸ್‌ಬಿ ಮಾತುಕತೆ ಮಧ್ಯದಲ್ಲೇ ಕೆಟ್ಟಿದ್ದರ ಗುರುತು, ಹೆಚ್ಚಾಗಿ ಕೇಬಲ್ ಅಥವಾ ವಿದ್ಯುತ್ತು ಕಾರಣ. -110 ಎಂದರೆ ಕಾಯ್ದು ಕಾಯ್ದು ಸಮಯ ಮೀರಿತು. -16 ಬೇರೆಯವರು ಹಿಡಿದಿದ್ದಾರೆ, -19 ಅಂತಹ ಸಾಧನವೇ ಇಲ್ಲ. -517 ಮಾತ್ರ ನಿಜವಾದ ದೋಷವಲ್ಲ. ತನಗೆ ಬೇಕಾದ ಇನ್ನೊಂದು ಡ್ರೈವರ್, ಉದಾಹರಣೆಗೆ ವೋಲ್ಟೇಜ್ ಕೊಡುವುದು, ಇನ್ನೂ ಬಂದಿಲ್ಲವಾದ್ದರಿಂದ ಆಮೇಲೆ ಮತ್ತೆ ಪ್ರಯತ್ನಿಸುತ್ತೇನೆ ಎಂದು ಡ್ರೈವರ್ ಹೇಳುತ್ತಿದೆ. ಬೂಟ್ ಮುಗಿದ ಮೇಲೂ ಅದೇ ಸ್ಥಿತಿಯಲ್ಲಿ ಉಳಿದರೆ ಆ ಇನ್ನೊಂದನ್ನು ಹುಡುಕಬೇಕು.

ಗ್ರಾಫಿಕ್ಸ್ ಬಗ್ಗೆ ಬೋರ್ಡ್ ಕೊಳ್ಳುವ ಮೊದಲೇ ವಿಚಾರಿಸುವುದು ಕ್ಷೇಮ, ಕೊಂಡ ಮೇಲೆ ಇದರಲ್ಲಿ ಮಾಡಬಹುದಾದದ್ದು ಕಡಿಮೆ. ಇಂತಹ ಬೋರ್ಡುಗಳಲ್ಲಿ ಕಾಣುವ ಮಾಲಿ ಜಿಪಿಯುಗಳ (ಗ್ರಾಫಿಕ್ಸ್ ಭಾಗಗಳ) ಮುಕ್ತ ಡ್ರೈವರ್ ಪ್ಯಾನ್‌ಫ್ರಾಸ್ಟ್ ಮೇನ್‌ಲೈನ್‌ಗೆ ಬಂದದ್ದು 2019ರಲ್ಲಿ, 5.2ನೆಯ ಕರ್ನಲ್‌ನೊಂದಿಗೆ. ಆರ್‌ಕೆ3588ರಲ್ಲಿರುವ ಮಾಲಿ-ಜಿ610ಕ್ಕೆ ಬೇಕಾದ ಪ್ಯಾಂಥರ್ ಡ್ರೈವರ್ 2024ರಲ್ಲಿ, 6.10ರೊಂದಿಗೆ ಬಂತು. ಅದಕ್ಕಿಂತ ಹಳೆಯ ಮೇನ್‌ಲೈನ್ ಕರ್ನಲ್ ಇರುವ ಇಮೇಜನ್ನು ಆ ಬೋರ್ಡಿಗೆ ಹಾಕಿ ಡೆಸ್ಕ್‌ಟಾಪ್ ಏಕೆ ತೆವಳುತ್ತಿದೆ ಎಂದು ಕೇಳುವವರು ಮೊದಲು ಯುನೇಮ್ ಓಡಿಸಿ ಆವೃತ್ತಿ ನೋಡಲಿ, ಸಂಖ್ಯೆ 6.10ಕ್ಕಿಂತ ಕಡಿಮೆಯಿದ್ದರೆ ಹೊಸ ಇಮೇಜಿಗೆ ಹೋಗಬೇಕು, ಇಲ್ಲವೇ ವೆಂಡರ್ ಕರ್ನಲ್ ಹಿಡಿಯಬೇಕು.